ನೀರು ಬಿದ್ದ ಕೂಸು

ಸೆಪ್ಟೆಂಬರ್ 19, 2011. ಸೋಮವಾರ

ಇವತ್ತಿನಿಂದ ಬಸ್ಸು ಬಂದ್. ಸುಮನ್ ಕಂಡಕ್ಟರ್ ಚೀಲವನ್ನು ಗೂಟಕ್ಕೆ ಹಾಕಿ ಜಹೀರಾಬಾದ್ ಡಿಪೋ ಮುಂದಿನ ಶಾಮಿಯಾನದಲ್ಲಿ ಕೂರಲು ಹೋಗಿದ್ದಾನೆ. ತೆಲಂಗಾಣ ರಾಜ್ಯ ಬರುವ ತನಕ ಚಕ್ರ ತಿರುಗುವುದಿಲ್ಲವಂತೆ. ಹೋಗುವುದಕ್ಕೂ ಬಸ್ಸಿಲ್ಲದೆ ಹಣಮಯ್ಯನ ಆಟೋ ಹಿಡಿದ. ಬಸ್ಸು ನಿಲ್ಲಿಸುವವರಿಗೂ ಆಟೋ ಬೇಕಾಯಿತಲ್ಲ ಎಂದೆ. ಮುಖ ಊದಿಸಿಕೊಂಡು ಹೋದ. ಮಗನಾದರೆ ಏನಾಯಿತು, ಇದ್ದದ್ದನ್ನು ಹೇಳಿದೆ.

ಈ ವಹಿ ನನ್ನ ಗಂಡನದು. ಅಂಜಪ್ಪ ನಮ್ಮೂರ ಚರ್ಚಿನ ಉಪದೇಶಿಯಾಗಿದ್ದ. ಯಾವ ಭಾನುವಾರ ಯಾವ ಪಾಠ, ಯಾರು ಬಂದರು, ಯಾರು ತಪ್ಪಿಸಿದರು ಎಂದು ಬರೆದಿಡುತ್ತಿದ್ದ. ಹೋದ ವರ್ಷ ತೀರಿಕೊಂಡ. ಅರ್ಧ ವಹಿ ಖಾಲಿ ಉಳಿದಿದೆ. ನಾನು ಬೀದರ್ ಕಡೆಯ ಸಾಲಿಯಲ್ಲಿ ನಾಲ್ಕನೆಯ ತರಗತಿಗೆ ಬಿಟ್ಟವಳು. ಓದುವವರು ಯಾರೂ ಇಲ್ಲ, ತಪ್ಪಾದರೆ ಆಗಲಿ.

ರಾಯಿಕೋಡ್ ರಸ್ತೆಯಲ್ಲಿ ಕಲ್ಲು, ಟೈರು ಇಟ್ಟಿದ್ದಾರಂತೆ. ಫಾದರ್ ಕೂಡ ಈ ತಿಂಗಳು ಪೂಜೆಗೆ ಬರಲಿಕ್ಕಿಲ್ಲ. ಬಾಗಿಲ ಬಳಿಯ ಪವಿತ್ರ ಜಲದ ಬಾಟಲಿ ತಳ ಕಂಡಿದೆ. ನನ್ನ ನಿಯಮವಂತೂ ನನ್ನದು. ಕಾಲು ನೆಲಕ್ಕೆ ಇಡುವ ಮೊದಲು ಶಿಲುಬೆಯ ಗುರುತು. ಮೊದಲ ರೊಟ್ಟಿಯ ಮೇಲೆ ಬೆರಳಿನಿಂದ ಒಂದು ಶಿಲುಬೆ. ಹನ್ನೆರಡಕ್ಕೆ ಚರ್ಚಿನ ಗಂಟೆ ಹೊಡೆದು ತ್ರಿಕಾಲ ಪ್ರಾರ್ಥನೆ. ಅಂಜಪ್ಪ ಹೋದ ಮೇಲೆ ಆ ಹಗ್ಗ ನನ್ನ ಕೈಗೆ ಬಂದಿದೆ. ಶುಕ್ರವಾರ ಖಂಡ ಇಲ್ಲ. ಸಂಜೆ ಏಳಕ್ಕೆ ಜಪಸರ. ಅದು ಮುಗಿಯುವ ತನಕ ಯಾರು ಬಂದು ಕರೆದರೂ ಏಳುವುದಿಲ್ಲ.

ರೊಟ್ಟಿಯ ಮೇಲೆ ಶಿಲುಬೆ ಎಳೆಯುವುದನ್ನು ನೋಡಿ, ಅದರಿಂದ ರೊಟ್ಟಿ ಚೆನ್ನಾಗಿ ಉಬ್ಬುತ್ತದೆಯೇ ಎಂದು ಸೊಸೆ ಕೇಳಿದಳು. ನಗುವುದಕ್ಕೇ ಕೇಳಿದ್ದು. ಉಬ್ಬದಿದ್ದರೆ ನೀನು ತಿನ್ನಬೇಡ ಎಂದೆ.

ಸೊಸೆ ಧಮ್ಮಶೀಲಾ ತಾಂಡೂರ್ ಹತ್ತಿರದ ಯಾಲಾಲ್ ಕಡೆಯವಳು. ಅವಳಪ್ಪ ಧಮ್ಮಪಾಲ ಸಾಲಿ ಮಾಸ್ತರ. ಬೌದ್ಧರು. ಅವರೂ ನಾವೂ ಒಂದೇ ಕುಲ. ನಮ್ಮ ಅಜ್ಜಂದಿರು ಶಿಲುಬೆ ಹಿಡಿದರು, ಅವರ ಮನೆಯವರು ಬುದ್ಧನನ್ನು. ಮದುವೆ ಕಚೇರಿಯಲ್ಲಿ ಆಯಿತು. ಅವತ್ತು ಎಲ್ಲರ ಮುಂದೆ ನನ್ನಿಂದ ಒಂದು ಮಾತು ತೆಗೆದುಕೊಂಡಳು. ಹುಟ್ಟುವ ಮಗುವಿಗೆ ತನ್ನನ್ನು ಕೇಳದೆ ಜ್ಞಾನಸ್ನಾನದ ನೀರು ಹಾಕಿಸಬಾರದು, ದೊಡ್ಡದಾದ ಮೇಲೆ ಅದೇ ಆರಿಸಿಕೊಳ್ಳಲಿ. ಕೊಟ್ಟೆ. ಕೊಡದಿದ್ದರೆ ಮಗ ಕೈಬಿಟ್ಟು ಹೋಗುತ್ತಿದ್ದ. ಈಗ ಅವಳು ಆರು ತಿಂಗಳ ಬಸುರಿ.

ಸೆಪ್ಟೆಂಬರ್ 25, ಭಾನುವಾರ

ನಿನ್ನೆ ಕೂಸು ಹುಟ್ಟಿತು. ನಿನ್ನೆಯೇ ಹೋಯಿತು. ಹೆಣ್ಣು.

ಬೆಳಿಗ್ಗೆಯೇ ನೋವು ಸುರುವಾಯಿತು. ದಿನ ತುಂಬಿರಲಿಲ್ಲ. ಸುಮನ್ ಜಹೀರಾಬಾದ್‌ನಲ್ಲಿ ರೈಲು ತಡೆಯಲು ಹೋಗಿದ್ದ. ನಿನ್ನೆ ಆಟೋಗಳೂ ನಿಂತಿದ್ದವು. ಆದರೂ ಹಣಮಯ್ಯ ನರ್ಸಮ್ಮನನ್ನು ತರುತ್ತೇನೆಂದು ಹೊಲದ ದಾರಿಯಲ್ಲಿ ಸುತ್ತು ಹಾಕಿ ಹೋದ. ಅವನು ಬರುವ ಮೊದಲೇ ಹೆರಿಗೆಯಾಯಿತು. ಊರಿನ ಹೆರಿಗೆಗಳಿಗೆಲ್ಲ ಕೈ ಹಚ್ಚುವ ಲಚ್ಚಮ್ಮ ಇದ್ದಳು, ನಾನಿದ್ದೆ.

ಕೂಸು ಅಳಲಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಲಚ್ಚಮ್ಮ ಬೆನ್ನು ತಿಕ್ಕಿ ನೋಡಿ ತಲೆ ಅಲ್ಲಾಡಿಸಿದಳು. ಧಮ್ಮಶೀಲಾ ಸುಸ್ತಾಗಿ ಕಣ್ಣು ಮುಚ್ಚಿದ್ದಳು.

ಜೀವ ಹೋಗುವಂತಿದ್ದರೆ ಫಾದರ್‌ಗಾಗಿ ಕಾಯಬಾರದು, ಯಾರು ಬೇಕಾದರೂ ನೀರು ಹಾಕಬಹುದು, ಯಾವ ನೀರಾದರೂ ನಡೆಯುತ್ತದೆ ಎಂದು ಅಂಜಪ್ಪ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಯಿಪಾಠ ಮಾಡಿಸುತ್ತಿದ್ದ. ಬಾಟಲಿ ಖಾಲಿ. ಕೊಡದಿಂದ ಒಂದು ಲೋಟ ತೆಗೆದೆ. ತಲೆಯ ಮೇಲೆ ಮೂರು ಸಲ ಹಾಕಿದೆ. ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಎಂದೆ. ಧಮ್ಮಶೀಲಾಳನ್ನು ಕೇಳಬಹುದಿತ್ತು. ಭುಜ ಹಿಡಿದು ಅಲ್ಲಾಡಿಸಿದ್ದರೆ ಏಳುತ್ತಿದ್ದಳು. ಕೇಳಲಿಲ್ಲ. ಬೇಡ ಅಂದುಬಿಟ್ಟರೆ ಎಂದು ಕೇಳಲಿಲ್ಲ.

ಆಮೇಲೆ ಕೂಸನ್ನು ಅವಳ ಎದೆಯ ಮೇಲೆ ಮಲಗಿಸಿದೆ. ಇಳಿಹೊತ್ತಿನ ತನಕ ಉಸಿರಿತ್ತು. ನರ್ಸಮ್ಮ ಬಂದಾಗ ಇರಲಿಲ್ಲ. ಇಷ್ಟು ಮುಂಚೆ ಹುಟ್ಟಿದ್ದು ಯಾರಿಂದಲೂ ಉಳಿಯುತ್ತಿರಲಿಲ್ಲ ಎಂದಳು.

ಲಚ್ಚಮ್ಮ ಹೋಗುವಾಗ ಅಂಗಳದಲ್ಲಿ ನಿಂತು ಹೇಳಿದಳು: “ಮಾಳಕ್ಕ, ನೀ ಏನ್ ಮಾಡ್ದಿ ನಾ ನೋಡಿಲ್ಲ. ಯಾರ್ ಕೇಳಿದ್ರೂ ನೋಡಿಲ್ಲ ಅಂತೀನಿ.”

ನೋಡಿದ್ದಾಳೆ. ಲೋಟ ಕೈಗೆ ಕೊಟ್ಟವಳೇ ಅವಳು.

ಸೆಪ್ಟೆಂಬರ್ 26, ಸೋಮವಾರ

ಮಣ್ಣು ಮಾಡಿದ್ದು ನಿನ್ನೆ ಮಧ್ಯಾಹ್ನ. ನಿನ್ನೆ ಬರೆಯುವಾಗ ಅಲ್ಲಿಯ ತನಕ ಬರೆಯಲಾಗಲಿಲ್ಲ.

ನೀರು ಬೀಳದ ಕೂಸನ್ನು ಚರ್ಚಿನ ಮಣ್ಣಿಗೆ ತರುವುದಿಲ್ಲ. ನಮ್ಮೂರಲ್ಲಿ ಹಿಂದಿನಿಂದ ಹಾಗೇ ನಡೆದಿದೆ. ಅದನ್ನು ಕಟ್ಟುನಿಟ್ಟಾಗಿ ನಡೆಸಿದವನೂ ನನ್ನ ಗಂಡನೇ. ಸ್ಮಶಾನದ ಕೀಲಿ ಈಗ ತುಳಸಿರಾಮನ ಹತ್ತಿರ. ಅವನು ಬಾಗಿಲಲ್ಲಿ ನಿಂತು, ತಗ್ಗು ಎಲ್ಲಿ ತೋಡಲಿ ಎಂದು ಕೇಳುವ ಮೊದಲು ಅದನ್ನೇ ಕೇಳಿದ.

“ನೀರ್ ಬಿದ್ದದೇನ್ರಿ ಮಾಳವ್ವ?”

ರಾತ್ರಿ ತಿರುಗಿ ಬಂದಿದ್ದ ಸುಮನ್ ನನ್ನ ಮುಖ ನೋಡಿದ. ಯಾಲಾಲ್‌ನಿಂದ ಮೋಟರ್ ಸೈಕಲ್ ಮೇಲೆ ಬಂದಿದ್ದ ಧಮ್ಮಪಾಲ ಮಾಸ್ತರರೂ ನೋಡಿದರು. ಒಳಗೆ ಹೊರಸಿನ ಮೇಲೆ ಧಮ್ಮಶೀಲಾ. ಬಾಗಿಲು ತೆರೆದೇ ಇತ್ತು.

ಇಲ್ಲ ಅಂದೆ.

ತೊಗರಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅಂಜಪ್ಪನ ಪಕ್ಕದ ಜಾಗ ಖಾಲಿ ಇದೆ. ಶಿಲುಬೆ ನೆಡಲಿಲ್ಲ. ಮಾಸ್ತರರು ಅವರ ಪಾಠ ಹೇಳಿದರು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ.

ಸೆಪ್ಟೆಂಬರ್ 29, ಗುರುವಾರ

ಏನೂ ಇಲ್ಲ. ರೊಟ್ಟಿ ಮಾಡಿದೆ. ಗಂಟೆ ಹೊಡೆದೆ. ಜಪಸರ ಹೇಳಿದೆ, ಎಲ್ಲ ಮಣಿ.

ಅಕ್ಟೋಬರ್ 2, ಭಾನುವಾರ

ಫಾದರ್ ಬರಲಿಲ್ಲ. ಹನ್ನೊಂದು ಜನ ಕೂಡಿದೆವು. ತುಳಸಿರಾಮ ಪಾಠ ಓದಿದ, ನಾನು ಪ್ರಾರ್ಥನೆ ನಡೆಸಿದೆ. ಸತ್ತವರಿಗಾಗಿ ಪ್ರಾರ್ಥಿಸುವ ಜಾಗದಲ್ಲಿ ಹೋದವರ ಹೆಸರು ಹೇಳುವುದು ವಾಡಿಕೆ. ಅಂಜಪ್ಪನ ಹೆಸರು ಹೇಳಿದೆ. ಕೂಸಿನ ಮಾತು ತೆಗೆಯಲಿಲ್ಲ. ಬಾಯಿ ತಾನೇ ಮುಂದೆ ಹೋಯಿತು. ಪರಲೋಕ ಮಂತ್ರ ಎಲ್ಲಿ ಸುರುವಾಯಿತು, ಎಲ್ಲಿ ಮುಗಿಯಿತು ಗೊತ್ತಿಲ್ಲ. ಕಾಲು ಜೋಮು ಹಿಡಿದಾಗ ಏಳುವ ಹಾಗೆ ಎದ್ದೆ.

ಹೊರಗೆ ಬಂದಾಗ ಒಬ್ಬಳು, ಪಾಪ, ನೀರು ಹಾಕಿದ್ದರೆ ಕೂಸು ನೇರ ಸ್ವರ್ಗಕ್ಕೆ ಹೋಗುತ್ತಿತ್ತಲ್ಲ ಎಂದಳು. ನಿನ್ನ ಕೆಲಸ ನೋಡಿಕೋ ಎಂದೆ.

ಅಕ್ಟೋಬರ್ 4, ಮಂಗಳವಾರ

ಧಮ್ಮಶೀಲಾಗೆ ಹಾಲು ಇಳಿದು ಎದೆ ಕಲ್ಲಾಗಿದೆ. ಕುಡಿಯುವವರಿಲ್ಲ. ಜ್ವರ ಬಂತು. ಲಚ್ಚಮ್ಮ ಹೇಳಿದ ಹಾಗೆ ಬಿಸಿನೀರಿನ ಬಟ್ಟೆ ಇಟ್ಟು ಸ್ವಲ್ಪ ಹಿಂಡಿ ತೆಗೆದೆ. ಆಮೇಲೆ ಹಳೆ ಸೀರೆ ಹರಿದು ಕಟ್ಟಿದೆ. ಹಿಂಡಿದ ಹಾಲನ್ನು ಬಟ್ಟಲಲ್ಲಿ ಹಿಡಿದಿದ್ದೆ. ಅದನ್ನು ಎಲ್ಲಿ ಚೆಲ್ಲಬೇಕು ತಿಳಿಯದೆ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಬಾಳೆಗಿಡದ ಬುಡಕ್ಕೆ ಹಾಕಿದೆ. ಯಾರೂ ತುಳಿಯಬಾರದು.

ಹಣಮಯ್ಯ ಬಂದು, ಇವತ್ತು ಗಂಟೆ ಬೀಳಲಿಲ್ಲ, ಹೊಲದಲ್ಲಿ ಜನ ಬುತ್ತಿ ಬಿಚ್ಚದೆ ಕೂತಿದ್ದರು ಎಂದು ಬೈದ. ಮರೆತೇಹೋಗಿತ್ತು. ಗಡಿಯಾರ ಕಟ್ಟಿಕೊಳ್ಳಿರಿ ಎಂದೆ.

ಅಕ್ಟೋಬರ್ 7, ಶುಕ್ರವಾರ

ಜಪಸರದ ಮಾತೆಯ ಹಬ್ಬ. ಸಂಜೆ ಏಳಕ್ಕೆ ಧಮ್ಮಶೀಲಾ ತಲೆಗೆ ನೀರು ಹಾಕಿಸಿಕೊಳ್ಳುತ್ತೇನೆ ಎಂದಳು. ಹದಿಮೂರು ದಿನಕ್ಕೆ ತಾನಾಗಿ ಕೇಳಿದ್ದು ಅದೊಂದೇ. ನೀರು ಕಾಯಿಸಿ ಎರೆದೆ. ಕೂದಲು ಬಹಳ ಉದುರುತ್ತಿದೆ. ಒಣಗಿಸಿ ಹೆಣೆದೆ. ಜಪಸರ ಆಗಲಿಲ್ಲ.

ಅವಳು ಟ್ರಂಕಿನಿಂದ ಬುದ್ಧನ ಸಣ್ಣ ಪಟ ತೆಗೆದು ಕಪಾಟಿನ ಮೇಲೆ ಇಟ್ಟಳು. ಮೇಣದಬತ್ತಿ ಹುಡುಕುತ್ತಿದ್ದಳು. ಮಾತೆಯ ಮುಂದೆ ಹಚ್ಚಲು ಇಟ್ಟಿದ್ದ ಒಂದು ಇತ್ತು. ಕೊಟ್ಟೆ. ಅಂಗಡಿಗಳು ಮುಚ್ಚಿವೆ, ಬೇರೆ ಸಿಗುತ್ತಿರಲಿಲ್ಲ.

ಅಕ್ಟೋಬರ್ 11, ಮಂಗಳವಾರ

ಇವತ್ತು ಹಿಟ್ಟು ಜರಡಿ ಹಿಡಿಯುತ್ತಾ ಕೇಳಿದಳು. ಕೂಸನ್ನು ಎದೆಯ ಮೇಲೆ ಇಟ್ಟಾಗ ತಲೆ ಒದ್ದೆ ಇತ್ತಲ್ಲ, ಯಾಕೆ ಎಂದು.

ಒರೆಸಿದ್ದೆ ಎಂದೆ.

ಮತ್ತೆ ಕೇಳಲಿಲ್ಲ. ತಣ್ಣಗಿತ್ತು ಎಂದಳು, ಅಷ್ಟೇ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಜರಡಿ ಕಿತ್ತುಕೊಂಡು, ಹೋಗಿ ಮಲಗು, ಇನ್ನೂ ಮೈ ಹಸಿ ಇದೆ ಎಂದು ಕೂಗಾಡಿದೆ.

ಸುಳ್ಳು ಹೇಳಿದ್ದು ಎರಡು ಸಲ ಆಯಿತು.

ಅಕ್ಟೋಬರ್ 12, ಬುಧವಾರ

ಏನೂ ಇಲ್ಲ.

ಅಕ್ಟೋಬರ್ 18, ಮಂಗಳವಾರ

ಬಸ್ಸು ಮತ್ತೆ ಬಿಟ್ಟಿದ್ದಾರೆ. ತೆಲಂಗಾಣ ಬಂದಿಲ್ಲ. ಸುಮನ್ ಚೀಲ ಹಾಕಿಕೊಂಡು ಹೋದ. ಅವನ ಬಸ್ಸಿನಲ್ಲಿ ಹೋಗಲಿಲ್ಲ, ಹಿಂದಿನ ಬಸ್ಸಿಗೆ ಜಹೀರಾಬಾದ್‌ಗೆ ಹೋದೆ. ಫಾದರ್ ಇದ್ದರು. ಪಾಪನಿವೇದನೆ ಮಾಡಿದೆ. ಮಾತು ಮುರಿದದ್ದು ಒಂದು. ಇಲ್ಲ ಎಂದದ್ದು ಒಂದು. ಒರೆಸಿದೆ ಎಂದದ್ದು ಒಂದು.

ಫಾದರ್ ಇನ್ನೂ ಹುಡುಗರು, ನನ್ನ ಮಗನ ವಯಸ್ಸು. ಮೂರು ನಮೋ ಮರಿಯಾ ಹೇಳೆನ್ನಿ, ಹೇಳುತ್ತೇನೆ, ಬಸ್ಸು ತಪ್ಪುತ್ತದೆ ಎಂದೆ. ಅವರು ಸಿಟ್ಟಾಗಲಿಲ್ಲ.

“ದೇವರ ಕಡಿಂದ ಆ ಜ್ಞಾನಸ್ನಾನ ಆತು, ಅವ್ವ. ಕ್ಷಮಾನೂ ಆತು. ಆದ್ರ ಆ ತಾಯಿಗಿ ಇನ್ನೂ ಏನೂ ಗೊತ್ತಿಲ್ಲ. ಆಕಿ ಮುಂದ ಹೇಳಾಕ ನಾ ಬರಾಂಗಿಲ್ಲ. ನೀವೇ ಹೇಳಬೇಕು.”

ಹೇಳಿದರೆ ಬಿಟ್ಟುಹೋಗುತ್ತಾಳೆ ಎಂದೆ. ಹೋಗಬಹುದು ಎಂದರು. ಇಂಥದ್ದನ್ನು ಹೇಳುವುದಕ್ಕೆ ಸೆಮಿನರಿಯಲ್ಲಿ ಹನ್ನೆರಡು ವರ್ಷ ಓದಬೇಕೇ?

ಹೊರಗೆ ಬಂದ ಮೇಲೆ ನಾನೇ ಕೇಳಿದೆ, ತುರ್ತಿನಲ್ಲಿ ಕೊಟ್ಟ ಜ್ಞಾನಸ್ನಾನವನ್ನು ಚರ್ಚಿನ ದಫ್ತರಿನಲ್ಲಿ ಬರೆಯುತ್ತೀರೋ ಇಲ್ಲವೋ ಎಂದು. ಬರೆಯಬೇಕು ಎಂದರು. ತಾರೀಖು, ತಂದೆತಾಯಿ, ಕೊಟ್ಟವರು, ಮಗುವಿನ ಹೆಸರು. ನವೆಂಬರ್ ಎರಡಕ್ಕೆ ಸತ್ತವರ ಹಬ್ಬದ ಪೂಜೆಗೆ ಬರುತ್ತೇನೆ, ಆಗ ವಿವರ ಕೊಡಿ, ಬೇಕೆಂದರೆ ಹೊಲದಲ್ಲಿರುವ ಗೋರಿಯನ್ನೂ ಮಂತ್ರಿಸುತ್ತೇನೆ ಎಂದರು.

ಪವಿತ್ರ ಜಲದ ಬಾಟಲಿ ತುಂಬಿಸಿಕೊಂಡು ಬಂದೆ. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಫ್ತರಿನಲ್ಲಿ ಒಂದು ಸಾಲು ಬಂದರೆ ಕೂಸು ನಮ್ಮದು ಎಂದಾಗುತ್ತದೆ. ಅದು ಬೇಕು ನನಗೆ. ಬೇರೆ ಏನೂ ಬೇಡ.

ಅಕ್ಟೋಬರ್ 20, ಗುರುವಾರ

ಹೇಳಿದೆ.

ಅಂಗಳದಲ್ಲಿ ಹೆಸರುಬೇಳೆಯ ಕಲ್ಲು ಆರಿಸುತ್ತಾ ಕೂತಿದ್ದಳು. ಎದುರಿಗೆ ಕೂತು ಹೇಳಿದೆ. ಸುತ್ತುಬಳಸಲಿಲ್ಲ. ಕೊಡದ ನೀರು, ಮೂರು ಸಲ, ನೀನು ಕಣ್ಣು ಮುಚ್ಚಿದ್ದೆ, ಕೇಳಲಿಲ್ಲ ಎಂದೆ.

ಆರಿಸುವುದು ನಿಲ್ಲಿಸಲಿಲ್ಲ. ಒಂದು ಕಲ್ಲು ತೆಗೆದು ಪಕ್ಕಕ್ಕೆ ಇಟ್ಟಳು. ಆಮೇಲೆ ಮತ್ತೊಂದು.

“ಮಾತ್ ಕೊಟ್ಟಿದ್ರಿ.”

“ಕೊಟ್ಟಿದ್ದೆ.”

“ಅದಕ್ಕಾದ್ರ ಏನರ ಅನ್ಕೋಬೌದು, ಅತ್ತಿ. ಜೀವ ಹೋಗಾಕತ್ತಿತ್ತು, ನಿಮಗ ತಿಳದಿದ್ದು ಮಾಡಿದ್ರಿ. ಮರುದಿನ ತುಳಸಿರಾಮಣ್ಣ ಕೇಳಿದಾಗ ಇಲ್ಲ ಅಂದ್ರಲ್ಲ. ನಾ ಒಳಗಿಂದ ಕೇಳಿನಿ. ಒಂದ್ಸಲ ನನ್ನ ಕೈಯಾಗಿಂದ ತಗೊಂಡ್ರಿ. ಇನ್ನೊಂದ್ಸಲ ನಿಮ್ಮ ಕೈಯಾಗಿಂದನೂ ಬಿಟ್ರಿ. ಕೂಸು ಯಾರ್ದೂ ಇಲ್ಲದಂಗ ಹೊಲದಾಗ ಮಲಗ್ಯದ.”

ಇಡೀ ಊರಿಗೆ ಬಾಯಿ ಮಾಡುವವಳು, ಕೂತಲ್ಲೇ ಕೂತಿದ್ದೆ. ಅವಳು ಬೇಳೆಯನ್ನು ಒಳಗೆ ಇಟ್ಟು ಬಂದು ಟ್ರಂಕು ತೆಗೆದಳು.

ಅಕ್ಟೋಬರ್ 21, ಶುಕ್ರವಾರ

ಸುಮನ್ ಅವಳನ್ನು ಯಾಲಾಲ್‌ಗೆ ಬಿಟ್ಟು ಬಂದ. ನನ್ನೊಡನೆ ಮಾತಿಲ್ಲ.

ಅಕ್ಟೋಬರ್ 24, ಸೋಮವಾರ

ಕಚೇರಿಯವರು, ಮಾಸ್ತರರು ಎಲ್ಲರ ಮುಷ್ಕರವೂ ಇವತ್ತಿಗೆ ಮುಗಿಯಿತು ಎಂದು ಟೀವಿಯಲ್ಲಿ ಹೇಳಿದರಂತೆ. ಹಣಮಯ್ಯ ಬಂದು ಹೇಳಿದ. ಆಗಲಿ ಎಂದೆ.

ಮೂರು ರೊಟ್ಟಿ ಮಾಡಿದೆ. ಎರಡು ಉಳಿದವು.

ಅಕ್ಟೋಬರ್ 28, ಶುಕ್ರವಾರ

ಸುಮನ್ ಊಟಕ್ಕೆ ಕೂತಾಗ ಕೇಳಿದೆ, ಅವಳು ಏನಂದಳು ಎಂದು. ಏನೂ ಅನ್ನುವುದಿಲ್ಲ ಎಂದ. ತಾಟು ನೋಡುತ್ತಾ ಹೇಳಿದ: “ಯವ್ವಾ, ರೈಲಿನ ಪಟ್ಟಿ ಮ್ಯಾಲ ಕುಂತಿದ್ದೆ ನಾ. ಆಕಿ ಇಲ್ಲಿ ಹಡಿಯಾಕತ್ತಿದ್ಲು. ನಿನ್ನ ಮ್ಯಾಲ ಸಿಟ್ ಮಾಡಾಕ ನನಗೇನ್ ಮುಖ ಅದ?”

ಅವನ ತಾಟಿಗೆ ಸಾರು ಹಾಕಿದೆ. ಬೇಡ ಅನ್ನಲಿಲ್ಲ.

ನನಗೂ ಹೋಗಿ ಅವಳನ್ನು ಕರೆಯಲು ಮುಖವಿಲ್ಲ. ಲಚ್ಚಮ್ಮ, ಕಾಲಿಗೆ ಬೀಳು, ಬಂದೇ ಬರುತ್ತಾಳೆ ಎಂದಳು. ಅದು ಅವಳನ್ನು ಕಟ್ಟಿಹಾಕಿದ ಹಾಗೆ. ಬೀಳುವುದಿಲ್ಲ. ಸತ್ತವರ ಹಬ್ಬಕ್ಕೆ ಫಾದರ್ ಬರುತ್ತಾರೆ, ಹೊಲದ ಗೋರಿಯನ್ನೂ ಮಂತ್ರಿಸಬಹುದು ಅನ್ನುತ್ತಾರೆ, ನೀನು ಬೇಡವೆಂದರೆ ಬೇಡ ಎಂದು ಅವಳಿಗೆ ಹೇಳು ಎಂದು ಸುಮನ್‌ಗೆ ಹೇಳಿದೆ. ಫೋನಿನಲ್ಲಿ ಹೇಳಿದ. ಅವಳು ಹೂಂ ಅಂದಳಂತೆ. ಯಾವುದಕ್ಕೆ ಹೂಂ ಎಂದು ಅವನೂ ಕೇಳಲಿಲ್ಲ, ಹೆಡ್ಡ.

ನವೆಂಬರ್ 2, ಬುಧವಾರ

ಬೆಳಿಗ್ಗೆ ಅಂಜಪ್ಪನ ಗೋರಿ ತೊಳೆದು ಚೆಂಡುಹೂ ಇಟ್ಟೆ. ಎಲ್ಲರೂ ಬಂದಿದ್ದರು. ಫಾದರ್ ಪೂಜೆ ಸುರು ಮಾಡುವ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಉಪದೇಶಿಯ ಹೆಂಡತಿ ಸತ್ತವರ ಹಬ್ಬದ ಪೂಜೆ ತಪ್ಪಿಸಿದಳು ಎಂದು ಊರು ಮಾತಾಡಿಕೊಳ್ಳುತ್ತದೆ. ಆಡಿಕೊಳ್ಳಲಿ.

ಹೊಲದ ಬದುವಿಗೆ ಹೋಗಿದ್ದೆ. ತೊಗರಿ ಎದೆಯೆತ್ತರ ಬಂದಿದೆ, ಒಳಗೆ ಕೂತರೆ ರಸ್ತೆ ಕಾಣುವುದಿಲ್ಲ. ಮಣ್ಣು ಕುಸಿದು ಹುಲ್ಲು ಬಂದಿತ್ತು. ಕಿತ್ತೆ. ಮೇಣದಬತ್ತಿ, ಪವಿತ್ರ ಜಲದ ಬಾಟಲಿ ಎರಡನ್ನೂ ಒಯ್ದಿದ್ದೆ. ಅವಳನ್ನು ಎದುರಿಗೆ ಕೇಳಿಲ್ಲವಲ್ಲ ಎಂದು ಅನಿಸಿತು. ಬತ್ತಿ ಹಚ್ಚಲಿಲ್ಲ, ನೀರೂ ಚಿಮುಕಿಸಲಿಲ್ಲ. ಸುಮ್ಮನೆ ಕೂತೆ.

ಮೋಟರ್ ಸೈಕಲ್ ನಿಂತ ಸಪ್ಪಳವಾಯಿತು. ಮಾಸ್ತರರು ರಸ್ತೆಯಲ್ಲೇ ಉಳಿದರು. ಧಮ್ಮಶೀಲಾ ಒಬ್ಬಳೇ ಬಂದಳು. ಇಳಿದುಹೋಗಿದ್ದಾಳೆ. ಗೋರಿಯ ಆ ಕಡೆ ಕೂತಳು. ಚರ್ಚಿನ ಕಡೆಯಿಂದ ಹಾಡು ಕೇಳುತ್ತಿತ್ತು.

ಉಳಿದಿದ್ದ ಒಂದು ಹುಲ್ಲು ಕಿತ್ತು ಕೇಳಿದಳು: “ನೀರ್ ಹಾಕುವಾಗ ಹೆಸರ್ ಹೇಳ್ತಾರಂತಲ್ಲ. ಏನಂತ ಕರದ್ರಿ ನನ್ನ ಕೂಸಿಗಿ?”

ಒಬ್ಬ ಸಂತಳ ಹೆಸರು ಹೇಳಿಬಿಡಬಹುದಿತ್ತು. ಆಗ್ನೆಸ್, ಲೂಸಿ, ತೆರೇಸಾ, ನನಗೆ ನೂರು ಗೊತ್ತು. ಫಾದರ್‌ಗೂ ಅದು ಸಾಕಾಗುತ್ತಿತ್ತು. ಇವಳಿಗೂ ನೆಮ್ಮದಿಯಾಗುತ್ತಿತ್ತೇನೋ. ಅವಳ ಮುಖ ನೋಡಿದೆ. ಆಗಲಿಲ್ಲ.

“ಹೆಸರ್ ಬಾಯಿಗಿ ಬರ್ಲಿಲ್ಲವ್ವ. ಕೂಸೇ ಅಂದೆ. ಕೂಸೇ, ನಿನಗ ನೀರ್ ಹಾಕ್ತೀನಿ ಅಂದೆ. ಅಷ್ಟೇ.”

ತಲೆ ಅಲ್ಲಾಡಿಸಿದಳು. ಅಳಲಿಲ್ಲ. ನಾನೂ ಅಳಲಿಲ್ಲ. ಚರ್ಚಿನ ದಫ್ತರಿನಲ್ಲಿ ಬರೆಯುವುದಕ್ಕೆ ಫಾದರ್ ಇವತ್ತು ವಿವರ ಕೇಳುತ್ತಾರೆ ಎಂದೂ ಹೇಳಿದೆ. ಮುಚ್ಚಿಡುವುದು ಸಾಕಾಗಿದೆ.

“ಬರಸಬ್ಯಾಡ್ರಿ” ಎಂದಳು.

ಸರಿ ಎಂದೆ.

ಅವಳು ನನ್ನ ಕೈಯಲ್ಲಿದ್ದ ಮೇಣದಬತ್ತಿ ತೆಗೆದುಕೊಂಡು ಮಣ್ಣಿನಲ್ಲಿ ಸಿಕ್ಕಿಸಿದಳು. ಗಾಳಿಗೆ ಎರಡು ಸಲ ಆರಿತು. ನಾನು ಸೆರಗು ಅಡ್ಡ ಹಿಡಿದೆ, ಅವಳು ಹಚ್ಚಿದಳು. ಬಾಟಲಿ ನೋಡಿ, ಅದರಲ್ಲಿ ಏನಿದೆ ಎಂದು ಕೇಳಿದಳು. ಹೇಳಿದೆ. ಹಾಕುವುದಿದ್ದರೆ ಹಾಕಿರಿ, ಈ ಸಲ ಕೇಳಿದ್ದೀರಲ್ಲ ಎಂದಳು. ಸುಮನ್ ಬಾಯಿಂದ ಕೇಳಿಸಿದ್ದೆ, ನಾನು ಕೇಳಿರಲಿಲ್ಲ. ಬಾಯಿ ಬಿಟ್ಟು ಕೇಳಿರಲಿಲ್ಲ. ಹಾಕಿದೆ.

ಆಮೇಲೆ ಹೇಳಿದಳು, ಐದನೆಯ ತಿಂಗಳಿನಿಂದ ಒಂದು ಹೆಸರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಂತೆ. ಸುಮನ್‌ಗೂ ಹೇಳಿರಲಿಲ್ಲವಂತೆ. ಹತ್ತಿರ ಬಂದು ನನಗೆ ಹೇಳಿದಳು. ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಳು.

ಅಪ್ಪನ ಜೊತೆ ತಿರುಗಿ ಹೋದಳು. ಬರುತ್ತಾಳೋ ಇಲ್ಲವೋ ಹೇಳಲಿಲ್ಲ. ನಾನು ಕೇಳಲಿಲ್ಲ.

ಮಧ್ಯಾಹ್ನ ಫಾದರ್ ದಫ್ತರು ಹಿಡಿದುಕೊಂಡು ತುಳಸಿರಾಮನ ಜೊತೆ ಮನೆಗೆ ಬಂದರು. ಬರೆಯಬೇಡಿರಿ, ತಾಯಿ ಬೇಡ ಎಂದಿದ್ದಾಳೆ ಎಂದೆ. ಹಾಗೆ ಬಿಡುವುದಕ್ಕೆ ಬರುವುದಿಲ್ಲ, ಹೆಸರಾದರೂ ಕೊಡಿ, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಹೆಸರಿದೆ, ಕೊಡುವುದಿಲ್ಲ ಎಂದೆ. ತುಳಸಿರಾಮ, ಅಂಜಪ್ಪ ಇದ್ದಿದ್ದರೆ ಬರೆಸುತ್ತಿದ್ದ ಎಂದ. ಅಂಜಪ್ಪ ಇಲ್ಲ ಎಂದೆ. ಫಾದರ್ ಚಹಾ ಕುಡಿದು, ದಫ್ತರು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಸಂಜೆ ಜಪಸರ ಹೇಳುವಾಗ ಆ ಹೆಸರು ಮನಸ್ಸಿನಲ್ಲೇ ಹೇಳಿಕೊಂಡೆ. ಇಲ್ಲಿ ಬರೆಯುವುದಿಲ್ಲ.